ನೀಲಕ್ಕನ ಅಡಿಗೆ ಮನೆಯ ಅರಿಷಿಣ

ನೀಲಕ್ಕಾ, ಹಗ್ಗ ಕತ್ತರಿಸಿದವನು ನಾನು. ಅದು ನಿನ್ನ ಗಂಡ ದುರಗಣ್ಣನ ಕಣ್ತಪ್ಪಲ್ಲ, ಹಗ್ಗ ಹಳೆಯದಾಗಿತ್ತೆಂಬುದೂ ಸುಳ್ಳು. ಕುರಿಯ ಉಣ್ಣೆ ಕತ್ತರಿಸುವ ನಮ್ಮ ಕತ್ತರಿಯಿಂದ, ಈ ನನ್ನ ಬಲಗೈಯಿಂದ, ಮೂರು ಎಳೆಯ ಹಗ್ಗದಲ್ಲಿ ಎರಡು ಎಳೆ ಕತ್ತರಿಸಿದೆ. ಆಮೇಲೆ ನಿಮ್ಮೂರ ಕಟ್ಟೆಯ ಮುಂದೆ ನಿಂತು, ಅರಿಷಿಣ ಮುಟ್ಟಿ, ನಮ್ಮ ದೋಣಿ ಹಗ್ಗಕ್ಕೆ ತಾಗಿಲ್ಲ ಎಂದು ಆಣೆ ಮಾಡಿದೆ. ಇವೆರಡನ್ನೂ ಮೊದಲೇ ಬರೆದುಬಿಟ್ಟಿದ್ದೇನೆ. ತಡಮಾಡಿದರೆ ಕೈ ಹಿಂದಕ್ಕೆ ಸರಿಯುತ್ತದೆ — ನನ್ನ ಗುಣ ನನಗೆ ಗೊತ್ತು.

ನಾನು ಬೇವೂರಿನ ಮಾಳಪ್ಪ. ನೀನು ‘ಹಾಯಿ ದೋಣಿ ತಮ್ಮ’ ಅಂತ ಕರೆಯುವವನು. ಈಗ ಹತ್ತು ವರ್ಷದಿಂದ ಊರೂರು ತಿರುಗಿ ಟಪಾಲು ಹಂಚುತ್ತೇನೆ. ಹೆತ್ತವರು ಸತ್ತ ಸುದ್ದಿ, ಮಕ್ಕಳು ಹುಟ್ಟಿದ ಸುದ್ದಿ, ಎಲ್ಲವನ್ನೂ ಮಂದಿಯ ಕೈಗೆ ಮುಟ್ಟಿಸಿದ್ದೇನೆ. ನಾನೇ ಬರೆಯಬೇಕಾದ ಈ ಒಂದು ಪತ್ರ ಮಾತ್ರ ಹದಿಮೂರು ವರ್ಷ ಎದೆಯೊಳಗೇ ಕೊಳೆಯಿತು.

ಎಪ್ಪತ್ತಾರನೆಯ ಇಸವಿ, ಮಹಾನವಮಿಗೆ ಇನ್ನೂ ಹದಿನೈದು ದಿನ ಇತ್ತು. ತುಳಸಿಗೇರಿಯ ಫಕೀರಪ್ಪ ನನ್ನ ಜೀವದ ಗೆಳೆಯ. ಎಂಟು ವರ್ಷ ಕರಾವಳಿಗೆ ಹೋಗಿ, ಸರಕು ಸಾಗಿಸುವ ಹಾಯಿ ಹಡಗುಗಳ ಮೇಲೆ ಖಲಾಸಿಯಾಗಿ ದುಡಿದು, ಊರಿಗೆ ಬರುವಾಗ ಒಂದು ಹಳೆಯ ಹಾಯಿ ಬಟ್ಟೆ ಸುತ್ತಿಕೊಂಡು ಬಂದಿದ್ದ. ಎಲ್ಲರೂ ನಕ್ಕರು. ‘ಎಲ್ಲಾರೂ ದುಡ್ಡು ತರ್ತಾರ, ಇಂವ ಹಚ್ಚಡ ತಂದಾನ’ ಅಂದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಬಡಿಗೇರನ ಹತ್ತಿರ ಕುಳಿತು ದೋಣಿ ಮಾಡಿಸಿದ, ನಡುವೆ ಕಂಬ ನಿಲ್ಲಿಸಿದ, ಹಾಯಿ ಕಟ್ಟಿದ. ‘ಲೇ ಮಾಳ್ಯಾ, ನಿಮ್ಮ ಮನ್ಯಾಗ ಕಂಬಳಿ ಬಿದ್ದಾವು. ಬಾಗಲಕೋಟಿಯಿಂದ ಹೊಳಿಗುಂಟ ಇಳಿಯೂಣು. ದಂಡಿ ಮ್ಯಾಗಿನ ಊರಾಗ ಮಾರೂಣು. ದೀಪಾವಳಿ ಆದ ಮ್ಯಾಲ ಮೂಡಗಾಳಿ ಬೀಸತೈತಿ, ಅದ ಗಾಳಿಗೆ ಹೊಳ್ಳಿ ಬರೂಣು’ ಅಂದ. ಕಂಬಳಿ ಮಾರುವುದು ನೆಪ. ನಿಜವಾಗಿ ಅವನಿಗೆ ಹಾಯಿಯ ಹುಚ್ಚು. ನನಗೆ ಆ ಹುಚ್ಚು ಹತ್ತಲು ಎರಡು ದಿನ ಸಾಕಾಯಿತು.

ಘಟಪ್ರಭೆ ತುಂಬಿ ಇಳಿಯುತ್ತಿದ್ದ ದಿನಗಳು. ಕುರಿ ಹಿಂದೆ ನಡೆದು ನಡೆದು ಹಿಮ್ಮಡಿ ಒಡೆದ ನಾನು, ಕಾಲೆತ್ತದೆ ಊರಿಂದ ಊರಿಗೆ ಹೋಗುತ್ತಿದ್ದೆ. ಫಕೀರಪ್ಪ ಪ್ರತಿಯೊಂದು ಊರಿನ ದಂಡೆಗೂ ‘ಬಂದರ’ ಅನ್ನುತ್ತಿದ್ದ. ‘ನೋಡಲೇ, ಬಂದರ ಬಂತು. ಹಾಯಿ ಕಂಡ ಕೂಡಲೇ ಮಂದಿ ಹೊರಗ ಬರ್ತಾರ. ಹಾಯಿಗೆ ಇರೋ ಮರ್ಯಾದಿ ಮೋಟಾರಿಗೆ ಇಲ್ಲ.’ ಅವನ ಮಾತು ಖರೆ. ಎಲ್ಲಿ ಹೋದರೂ ಹುಡುಗರು, ಹೆಂಗಸರು, ಮುದುಕರು ದಂಡೆಗೆ ಬಂದು ನಿಲ್ಲುತ್ತಿದ್ದರು. ಬೇವೂರಿನಲ್ಲಿ ನನ್ನನ್ನು ಯಾರೂ ಕಣ್ಣೆತ್ತಿ ನೋಡಿದವರಲ್ಲ. ಇಲ್ಲಿ ಮೂವತ್ತು ನಲವತ್ತು ಮಂದಿ ಕೈ ಬೀಸುತ್ತಿದ್ದರು. ಅದರ ರುಚಿ ನನಗೆ ಹತ್ತಿತು — ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಬೇರು ಇರುವುದು ಇಲ್ಲಿಯೇ.

ನಾಲ್ಕನೆಯ ದಿನ ಇಳಿಹೊತ್ತಿಗೆ ನಿಮ್ಮೂರು ಕಂಡಿತು. ಊರಿನ ಮೇಲ್ಗಡೆ, ಹೊಳೆಗೆ ಅಡ್ಡವಾಗಿ ದುರಗಣ್ಣನ ಹಗ್ಗ. ನಿಮ್ಮ ದಂಡೆಯ ಗೂಟದಿಂದ ಆಚೆ ದಂಡೆಯ ಹುಣಸೆ ಮರದವರೆಗೆ ಕಟ್ಟಿದ್ದ ಆ ಹಗ್ಗ ಹಿಡಿದು ಜಗ್ಗುತ್ತಲೇ ಅವನು ತನ್ನ ನಾವೆಯನ್ನು ಈಚೆಗೂ ಆಚೆಗೂ ದಾಟಿಸುತ್ತಿದ್ದ. ನಡು ಹೊಳೆಯಲ್ಲಿ ಹಗ್ಗ ನೀರಿಗೆ ಜೋತುಬಿದ್ದಿತ್ತು, ಹುಣಸೆ ಮರದ ಕಡೆ ಮಾತ್ರ ಎತ್ತರವಾಗಿ ಏರಿತ್ತು. ಅಲ್ಲಿ ಅದು ನಿಂತವರ ಕೈಗೆ ಎಟುಕುವಂತಿರಲಿಲ್ಲ; ಕೊನೆಯ ಅಷ್ಟು ದೂರ ದುರಗಣ್ಣ ಗಳೆ ಊರಿ ದಾಟಿಸುತ್ತಿದ್ದ. ಅದರ ಕೆಳಗೆ ನುಸುಳಿಕೊಂಡು ಹೋಗಬಹುದೆಂದು ಹಿಂದೆ ಚುಕ್ಕಾಣಿ ಹಿಡಿದಿದ್ದ ಫಕೀರಪ್ಪ ಲೆಕ್ಕ ಹಾಕಿದ್ದ.

ನಿಮ್ಮ ದಂಡೆಯಿಂದ ದುರಗಣ್ಣ ಕೈ ಮೇಲೆತ್ತಿ ಕೂಗಿದ: ‘ತಡೀರಿ, ಹಗ್ಗ ಸಡಲ ಬಿಡ್ತೇನಿ. ಹಾಯಿ ಇಳಸ್ರಿ.’

ನನಗೆ ಕೇಳಿಸಿತು, ನೀಲಕ್ಕಾ. ಮುಂದೆ ಕುಳಿತವನು ನಾನು. ಹಾಯಿಯ ಬಡಿತದಲ್ಲಿ ಫಕೀರಪ್ಪನಿಗೆ ಕೇಳಿಸಲಿಲ್ಲ. ‘ಏನಂತಾನಲೇ ಅಂವ’ ಅಂತ ಕೇಳಿದ. ‘ಬರ್ರಿ ಬರ್ರಿ ಅನ್ನಾಕತ್ತಾನ’ ಅಂದೆ. ಅಷ್ಟು ಮಂದಿ ದಂಡೆಯ ಮೇಲೆ ನಿಂತಿದ್ದರು. ಅವರ ಮುಂದೆ ಹಾಯಿ ಇಳಿಸಿ, ಸತ್ತ ಎಮ್ಮೆಯ ಹಾಗೆ ತೇಲಿಕೊಂಡು ಬರಲು ನನಗೆ ಮನಸ್ಸಿರಲಿಲ್ಲ. ಬಿಚ್ಚಿದ ಹಾಯಿಯಲ್ಲೇ ಬರಬೇಕು, ಎಲ್ಲರೂ ನೋಡಬೇಕು. ಮೊದಲನೆಯ ಸುಳ್ಳು ಅದು. ಎರಡನೆಯದಕ್ಕೆ ಅದೇ ದಾರಿ ಮಾಡಿಕೊಟ್ಟಿತು.

ಕಂಬದ ತುದಿ ಹಗ್ಗಕ್ಕೆ ಸಿಕ್ಕಿತು. ಹಿಂದಿನಿಂದ ಪಡುವಣ ಗಾಳಿ, ಕೆಳಗೆ ಸೆಳವು. ದೋಣಿ ಒಂದು ಮಗ್ಗುಲಿಗೆ ವಾಲಿ ನೀರು ಒಳಗೆ ನುಗ್ಗಿತು. ‘ಹಗ್ಗ ಎತ್ತಲೇ, ಎತ್ತಿ ತಪ್ಪಿಸು’ ಅಂತ ಫಕೀರಪ್ಪ ಹಿಂದಿನಿಂದ ಒದರಿದ. ನಾನು ಕಂಬಳಿಯ ಹೊರೆಗಳ ಮೇಲೆ ಹತ್ತಿ ನಿಂತೆ. ಎತ್ತಲು ನೋಡಿದೆನೋ, ನೋಡಲೇ ಇಲ್ಲವೋ — ಈಗ ನೆನಪು ಮಾಡಿಕೊಂಡರೆ ಕೈಯಲ್ಲಿ ಕತ್ತರಿ ಇದ್ದುದೇ ಕಾಣುತ್ತದೆ. ಕುರುಬರ ಕೈಗೆ ಕತ್ತರಿ ತಾನಾಗಿ ಬರುತ್ತದೆ, ಹೆದರಿಕೆಯಲ್ಲಿ ಅದೇ ಬಂತು. ಕಚ್, ಒಂದು ಎಳೆ. ಕಚ್, ಇನ್ನೊಂದು. ಮೂರನೆಯದಕ್ಕೆ ಕತ್ತರಿ ಹಾಕುವಷ್ಟರಲ್ಲಿ ಹಗ್ಗ ಸಡಲಾಗಿ ಕಂಬ ತಪ್ಪಿಸಿಕೊಂಡಿತು. ದೋಣಿ ಹುಣಸೆಯ ಟೊಂಗೆಗೆ ತಡೆದು ನಿಂತ ಅರೆಗಳಿಗೆಯಲ್ಲಿ, ಕಂಬಳಿಯ ಅಂಚು ಹೊಲಿಯಲು ಸೊಂಟದಲ್ಲಿ ಇಟ್ಟುಕೊಂಡಿದ್ದ ಕರಿ ಉಣ್ಣೆಯ ದಾರವನ್ನು ಹಗ್ಗದ ಗಾಯದ ಮೇಲೆ ಅವಸರದಲ್ಲಿ ನಾಲ್ಕು ಸುತ್ತು ಸುತ್ತಿದೆ. ಗಟ್ಟಿಯಾಗಲಿ ಎಂದು ಸುತ್ತಿದ್ದಲ್ಲ. ಕಾಣದಿರಲಿ ಎಂದು. ಹುಣಸೆಯ ಟೊಂಗೆಗಳ ಮರೆಯಲ್ಲಿ, ಮಸುಕು ಬೆಳಕಿನಲ್ಲಿ ನಿಮ್ಮ ದಂಡೆಗೆ ಏನೂ ಕಾಣಲಿಲ್ಲ.

‘ಹೋಗಿ ಮೊದಲ ಅವಗ ಹೇಳು’ ಅಂದ ಫಕೀರಪ್ಪ. ‘ಹೇಳ್ತೇನಿ’ ಅಂದೆ. ಹೇಳಬೇಕೆಂದೇ ದೋಣಿ ಇಳಿದೆ.

ಇಳಿದರೆ ನೀನು ಎದುರಿಗೆ ನಿಂತಿದ್ದೆ. ಕೈಯಲ್ಲಿ ತುಂಬಿದ ತಂಬಿಗೆ. ‘ಕಾಲ ತೊಳ್ಕೊಳ್ರಿ ತಮ್ಮಾ. ನೀರಿನ ಮ್ಯಾಲ ಬಂದವರು ಅಂಬಿಗೇರ ಮನಿ ಬೀಗರು, ಬ್ಯಾರೇ ಕಡಿ ಉಣ್ಣಾಕ ಬಿಡೂದಿಲ್ಲ’ ಅಂದೆ. ದುರಗಣ್ಣ ನಮ್ಮ ತೊಯ್ದ ಕಂಬಳಿಗಳನ್ನು ತಾನೇ ಹೊತ್ತು ತಂದು ನಿಮ್ಮ ಮನೆಯ ಮಾಳಿಗೆಯ ಮೇಲೆ ಹರವಿದ. ‘ನಾ ಕೂಗಿದ್ದು ಕೇಳಲಿಲ್ಲೇನೋ’ ಅಂತ ನಗುತ್ತ ಕೇಳಿದ. ಇಲ್ಲ ಅಂದೆ. ‘ಇರಲಿ ಬಿಡು, ಛಲೋ ದಾಟಿದ್ರಿ’ ಅಂತ ಬೆನ್ನು ತಟ್ಟಿದ. ಬಿಸಿ ರೊಟ್ಟಿ, ಹೊಳೆಯ ಮೀನು. ಮರುದಿನ ಮಾದಲಿ, ಅದರ ಮೇಲೆ ಹಾಲು ತುಪ್ಪ. ಊರಿನವರು ಒಬ್ಬೊಬ್ಬರೇ ಬಂದು ದೋಣಿ ನೋಡಿದರು, ಹಾಯಿ ಮುಟ್ಟಿದರು, ಕಂಬಳಿ ಕೊಂಡರು. ಫಕೀರಪ್ಪ ಸಮುದ್ರದ ಕಥೆ ಹೇಳಿದ್ದೇ ಹೇಳಿದ್ದು. ನೀನು ಬಾಗಿಲಲ್ಲಿ ಕುಳಿತು, ‘ಉಪ್ಪು ನೀರಾಗ ಮುಖ ತೊಳದ್ರ ಕಣ್ಣ ಉರಿಯೂದಿಲ್ಲೇನೋ’ ಅಂತ ಕೇಳಿ ಎಲ್ಲರನ್ನೂ ನಗಿಸಿದೆ.

ಅಂಥ ಮನೆಯಲ್ಲಿ, ಕೈಯಲ್ಲಿ ರೊಟ್ಟಿ ಹಿಡಿದುಕೊಂಡು, ‘ಅಣ್ಣಾ, ನಿನ್ನ ಹಗ್ಗ ಕತ್ತರಿಸೇನಿ’ ಅಂತ ಹೇಗೆ ಹೇಳಲಿ ಅಂದುಕೊಂಡೆ. ಉಂಡಾದ ಮೇಲೆ ಹೇಳೋಣ. ಬೆಳಗಾದ ಮೇಲೆ ಹೇಳೋಣ. ಬೆಳಗಾದ ಮೇಲೆ, ನಿನ್ನೆ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಏನು ಹೇಳಲಿ? ನಿಮ್ಮ ಆದರವೇ ನನ್ನ ಬಾಯಿ ಕಟ್ಟಿತು ಎಂದು ಬರೆಯಹೊರಟಿದ್ದೆ — ಬೇಡ. ಅದು ತಪ್ಪನ್ನು ಮತ್ತೆ ನಿಮ್ಮ ತಲೆಗೇ ಕಟ್ಟಿದಂತೆ. ಬಾಯಿ ನನ್ನದು, ಮುಚ್ಚಿಕೊಂಡವನು ನಾನು. ಉಂಡ ಮನೆಯ ಜಂತೆ ಎಣಿಸಬಾರದು ಅಂತಾರೆ. ನಾನು ಎಣಿಸಲಿಲ್ಲ, ಕಿತ್ತೇಬಿಟ್ಟೆ.

ಮೂರನೆಯ ದಿನ ಸಂತೆ. ನಾವೆ ತುಂಬ ಮಂದಿ, ಒಂದು ಜೋಡಿ ಎತ್ತು. ಆಚೆ ದಂಡೆಯಿಂದ ಹೊರಟು ಹತ್ತು ಮಾರು ಬಂದಿರಲಿಕ್ಕಿಲ್ಲ, ಹುಣಸೆ ಮರದ ಕಡೆ ಹಗ್ಗ ಹರಿಯಿತು. ನಾವೆ ಗಿರ್ರನೆ ತಿರುಗಿ, ನಿಮ್ಮ ದಂಡೆಯ ಗೂಟಕ್ಕೆ ಜೋತುಬಿದ್ದು, ಸೆಳವಿಗೆ ಸಿಕ್ಕು ಕೆಳಗಿನ ಬಂಡೆಗೆ ಬಡಿಯಿತು. ದುರಗಣ್ಣ ನೀರಿಗೆ ಹಾರಿ ಒಬ್ಬೊಬ್ಬರನ್ನೇ ಎಳೆದು ತಂದ. ಫಕೀರಪ್ಪನೂ ನಾನೂ ದೋಣಿ ಹಾಕಿ ಉಳಿದವರನ್ನು ಎತ್ತಿಕೊಂಡೆವು. ಜನ ಉಳಿದರು. ಎತ್ತಿನ ಜೋಡಿ ಹೋಯಿತು. ಒಬ್ಬ ಮುದುಕಿಯ ಕಾಲು ಮುರಿಯಿತು. ಎತ್ತಿನ ಯಜಮಾನ ದಂಡೆಯಲ್ಲಿ ಬಾಯಿ ಬಡಿದುಕೊಂಡು ಅತ್ತ. ಆ ಅಳು ಕೇಳುತ್ತ ನಿಂತಿದ್ದೆ, ಆಗಲೂ ಹೇಳಲಿಲ್ಲ.

ಸಂಜೆಗೆ ಕಟ್ಟೆಯ ಮೇಲೆ ಪಂಚರು ಕೂತರು. ಗೌಡರು ದುರಗಣ್ಣನನ್ನು ಕೇಳಿದರು, ‘ಹಗ್ಗ ನೋಡ್ಕೊಳ್ಳೂದು ಯಾರ ಕೆಲಸೋ?’ ‘ನನ್ನದ ರೀ’ ಅಂದ. ‘ಹಗ್ಗ ಗಟ್ಟಿ ಇತ್ರಿ, ಯಾಕ ಹರೀತೋ ತಿಳೀವಲ್ದು’ ಅಂತಲೂ ಅಂದ. ಆಗ ಯಾರೋ ಹಿಂದಿನಿಂದ, ‘ಈ ಹಾಯಿಯವರ ಕಂಬ ತಾಗಿತ್ತೇನ ಕೇಳ್ರಿ’ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನನ್ನ ಕೈ ಸೊಂಟದ ಕತ್ತರಿಯ ಮೇಲೆ ಹೋಯಿತು. ದುರಗಣ್ಣ ನನ್ನ ಕಡೆ ನೋಡಲೂ ಇಲ್ಲ. ‘ಅವರು ನನ್ನ ಮನಿ ಉಂಡವರು. ತಾಗಿದ್ರ ಅವತ್ತ ಹೇಳ್ತಿದ್ರು’ ಅಂದ.

ಗೌಡರು ಒಪ್ಪಲಿಲ್ಲ. ‘ಬೀರಪ್ಪನ ಮಂದಿ ಭಂಡಾರ ಹಿಡದು ಸುಳ್ಳ ಹೇಳೂದಿಲ್ಲ. ಭಂಡಾರ ಮುಟ್ಟಿ ಹೇಳಲಿ, ಮುಗೀತು’ ಅಂದರು.

ಇಲ್ಲಿಯವರೆಗಿನದು ಅಂಜಿಕೆಯ ತಪ್ಪು. ಇನ್ನು ಮುಂದಿನದು ಹಾಗಲ್ಲ. ನಿನಗೆ ಅಂದು ಹೇಳದೆ ಇದ್ದುದನ್ನು ಈಗ ಹೇಳುತ್ತೇನೆ. ಭಂಡಾರ ಅಂದರೆ ಬರೀ ಅರಿಷಿಣ ಅಲ್ಲ, ಅಕ್ಕಾ. ನಮ್ಮ ಕುಲದೇವರು ಬೀರಪ್ಪನ ಗದ್ದುಗೆಯ ಮೇಲೆ ಬಿದ್ದು, ಪೂಜಾರಿಯ ಕೈಯಿಂದ ನಮ್ಮ ಕೈಗೆ ಬಂದರೆ ಅದು ಭಂಡಾರ. ಅದನ್ನು ಮುಟ್ಟಿ ಸುಳ್ಳಾಡಿದರೆ ಮನೆತನವೇ ಉಳಿಯುವುದಿಲ್ಲ ಎಂದು ನಂಬಿ ಬೆಳೆದವರು ನಾವು. ನಿಮ್ಮೂರಲ್ಲಿ ಬೀರಪ್ಪನ ಗುಡಿ ಇರಲಿಲ್ಲ. ನೀನು ಮನೆಗೆ ಓಡಿ, ಅಡಿಗೆ ಮನೆಯ ಡಬ್ಬಿಯಿಂದ ಅರಿಷಿಣ ಸುರಿದುಕೊಂಡು, ಹಿತ್ತಾಳೆಯ ತಾಟಿನಲ್ಲಿ ತಂದೆ. ನನ್ನ ಮುಂದೆ ಹಿಡಿದು, ‘ಇದು ಅಡಿಗಿ ಅರಿಷಿಣ ತಮ್ಮಾ. ನಡೀತೈತೇನು?’ ಅಂತ ಕೇಳಿದೆ.

ಊರಲ್ಲಿ ಯಾರಿಗೂ ಆ ಅನುಮಾನ ಬರಲಿಲ್ಲ. ನಿನಗೊಬ್ಬಳಿಗೆ ಬಂತು. ನಮ್ಮ ದೇವರಿಗೆ ಎಲ್ಲಿ ಅಪಚಾರವಾಗುತ್ತದೋ ಅಂತ ನಿನಗೆ ಕಾಳಜಿ.

ನನ್ನ ಸೊಂಟದ ಸಂಚಿಯಲ್ಲಿ, ಎಲೆ ಅಡಿಕೆಯ ಕೆಳಗೆ, ನಮ್ಮ ಅವ್ವ ಕಟ್ಟಿಕೊಟ್ಟ ಭಂಡಾರದ ಗಂಟು ಇತ್ತು. ನೀರಿನ ಮೇಲೆ ಹೋಗುತ್ತಾನೆ ಅಂತ ಬೇವೂರಿನ ಗುಡಿಯಿಂದ ತಂದು ಕಟ್ಟಿದ್ದಳು. ತೆಗೆದು ಹಿಡಿದಿದ್ದರೆ ನನ್ನ ನಾಲಿಗೆಯಲ್ಲಿ ಸುಳ್ಳು ಹೊರಡುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ತೆಗೆಯಲಿಲ್ಲ.

‘ನಡೀತೈತಿ ಅಕ್ಕಾ’ ಅಂದೆ.

ಬೆರಳು ಅದ್ದಿದೆ. ಹಣೆಗೆ ಹಚ್ಚಿಕೊಂಡೆ. ‘ನಮ್ಮ ದೋಣಿ ಹಗ್ಗಕ್ಕ ತಾಗಿಲ್ಲ’ ಅಂದೆ. ಇದು ಭಂಡಾರ ಅಲ್ಲ, ಸಾರಿಗೆ ಹಾಕುವ ಅರಿಷಿಣ, ದೇವರಿಗೆ ಮುಟ್ಟುವುದಿಲ್ಲ — ಒಳಗೊಳಗೇ ಅಂದುಕೊಂಡೆ. ದೇವರ ಜೊತೆ ನನ್ನ ಕಾನೂನು. ಆ ಲೆಕ್ಕದಲ್ಲಿ ನಾನು ಆಣೆ ಮಾಡಿಯೇ ಇರಲಿಲ್ಲ. ನಿಮ್ಮೂರ ಮಂದಿಯ ಲೆಕ್ಕದಲ್ಲಿ ಮಾಡಿದ್ದೆ. ಪಂಚರು ದುರಗಣ್ಣನ ಕಡೆ ತಿರುಗಿದರು. ಅಜ್ಜ ಮುತ್ತಜ್ಜರಿಂದ ಬಂದ, ನಾವೆ ದಾಟಿಸುವ ಹೊಳಿ ಹಕ್ಕು ಅವನಿಂದ ಹೋಗಿ ಅವನ ದಾಯಾದಿಗೆ ಸೇರಿತು. ನೀನು ತಾಟು ಹಿಡಿದುಕೊಂಡೇ ನಿಂತಿದ್ದೆ.

ಫಕೀರಪ್ಪ ಆಗ ಹೊಳೆಯಲ್ಲಿದ್ದ, ಒಡೆದ ನಾವೆಯ ಹಲಗೆ ಎಳೆಯುತ್ತಿದ್ದ. ಬಂದ ಮೇಲೆ ಸುದ್ದಿ ತಿಳಿಯಿತು. ನನ್ನನ್ನು ದೋಣಿಯ ಹತ್ತಿರ ಕರೆದು, ‘ನೀ ಆಣಿ ಮಾಡಿದ ಮ್ಯಾಲ ನಾ ಏನ ಹೇಳಲಿ? ಹೇಳಿದ್ರ ನಿನ್ನ ಮನಿತನಕ್ಕ ಕೆಟ್ಟದ್ದು’ ಅಂದ. ಹಾಯಿ ಮಡಚುತ್ತ, ‘ಬಂದರದಾಗ ಉಂಡು ಬಂದರಕ್ಕ ಉಗುಳಿದಿ, ಮಾಳ್ಯಾ’ ಅಂದ. ಮರುದಿನ ಬೆಳಗಾಗುತ್ತಲೇ ಹೊರಟೆವು. ನೀನು ಬುತ್ತಿ ಕಟ್ಟಿ ಕೊಟ್ಟೆ. ಮುಂದಿನ ಊರಿನಲ್ಲಿ ಫಕೀರಪ್ಪ ದೋಣಿ ಮಾರಿ, ಹಾಯಿ ಹೆಗಲಿಗೆ ಹಾಕಿಕೊಂಡು ಕರಾವಳಿಗೆ ಹೋದ. ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ಒಂಬತ್ತು ವರ್ಷ ಆ ದಾರಿ ತುಳಿಯಲಿಲ್ಲ. ಎಂಬತ್ತೈದರಲ್ಲಿ ತಂಗಿಯ ಮಗಳ ಮದುವೆಗೆ ಸೀರೆ ತರಲು ಇಳಕಲ್ಲಿಗೆ ಹೊರಟಿದ್ದೆ. ಅಮೀನಗಡದಲ್ಲಿ ಬಸ್ಸು ನಿಂತಿತು. ಕರದಂಟಿನ ಅಂಗಡಿಯ ಮುಂದೆ ನಿಂತಿದ್ದವನ ತೋಳನ್ನು ಹಿಂದಿನಿಂದ ಯಾರೋ ಹಿಡಿದರು. ‘ಹಾಯಿ ದೋಣಿ ತಮ್ಮ ಅಲ್ಲೇನು ನೀ?’ ನಿನ್ನ ಹಣೆ ಬರಿದಾಗಿತ್ತು. ಇಳಕಲ್ಲಿನವರೆಗೆ ಒಂದೇ ಸೀಟಿನಲ್ಲಿ ಕುಳಿತು ಬಂದೆವು. ನೀನೇ ಹೇಳಿದೆ — ಹೊಳೆ ಬಿಟ್ಟು ಕಲ್ಲಿನ ಕ್ವಾರಿಗೆ ಬಂದದ್ದು, ನೀರಿನ ಮನುಷ್ಯ ಕಲ್ಲು ಒಡೆದದ್ದು, ಧೂಳು ಕುಡಿದು ಕೆಮ್ಮಿ ಕೆಮ್ಮಿ ಎರಡು ವರ್ಷದ ಹಿಂದೆ ಹೋದದ್ದು. ‘ಉಂಡು ಹೋಗು, ಹಂಗ ಬಿಡೂದಿಲ್ಲ’ ಅಂತ ಮನೆಗೆ ಎಳೆದುಕೊಂಡು ಹೋದೆ. ಮತ್ತೆ ತಂಬಿಗೆ ನೀರು. ಮತ್ತೆ ರೊಟ್ಟಿ.

ತುತ್ತು ಬಾಯಿಗೆ ಇಡುವಾಗ ಗೋಡೆಯ ಗೂಟ ಕಂಡಿತು. ಗೂಟಕ್ಕೆ ಒಂದು ಮಾರು ಹಗ್ಗ ಸುತ್ತಿ ಹಾಕಿತ್ತು. ತುದಿಯಲ್ಲಿ ಕರಿ ಉಣ್ಣೆ.

‘ನೀವು ಹ್ವಾದ ದಿನ ಈಸಿ ಹೋಗಿ ಹುಣಸಿ ಗಿಡದಿಂದ ಬಿಚಗೊಂಡು ಬಂದಿದ್ದ’ ಅಂದೆ ನೀನು. ‘ಯಾರಿಗೂ ತೋರಿಸಲಿಲ್ಲ. ಒಗೀಬ್ಯಾಡ ಅಂತಿದ್ದ. ಯಾಕ ಅಂತ ಕೇಳಿದ್ರ ಹೇಳತಿದ್ದಿಲ್ಲ.’ ಆಮೇಲೆ ರೊಟ್ಟಿ ತಿರುವಿ ಹಾಕುತ್ತ ಹೇಳಿದ ಮಾತು — ‘ನಾ ಭಾಳ ಅಂದೇನಿ ತಮ್ಮಾ ಅವಗ. ಒಂದ ಹಗ್ಗ ನೋಡ್ಕೊಳ್ಳಾಕ ಬರಲಿಲ್ಲ ನಿನಗ, ನಮ್ಮನ್ನ ಕಲ್ಲಾಗ ಹಾಕಿದಿ ಅಂತ ದಿನಾ ಅಂದೇನಿ. ಸಾಯೂ ಮುಂಜಾನಿನೂ ಅಂದೇನಿ. ಒಂದ ದಿನ ತಿರುಗಿ ಮಾತಾಡಲಿಲ್ಲ. ತಪ್ಪು ಅವಂದ ಇತ್ತಲ್ಲ, ಏನ ಮಾತಾಡ್ಯಾನು.’

ದುರಗಣ್ಣನಿಗೆ ಗೊತ್ತಿತ್ತು, ನೀಲಕ್ಕಾ. ನಮ್ಮ ಕಂಬಳಿಗಳನ್ನು ಹೊತ್ತು ಮಾಳಿಗೆಗೆ ಹಾಕಿದವನಿಗೆ ಆ ಉಣ್ಣೆ ಯಾರದೆಂದು ತಿಳಿಯದೆ ಇರುತ್ತದೆಯೇ? ಆದರೆ ಅವನು ಹಗ್ಗ ನೋಡಿದ್ದು ನನ್ನ ಆಣೆ ಆದ ಮೇಲೆ. ಅದನ್ನು ಕಟ್ಟೆಗೆ ತಂದಿದ್ದರೆ ನಾನು ಭಂಡಾರ ಮುಟ್ಟಿ ಸುಳ್ಳಾಡಿದವನಾಗುತ್ತಿದ್ದೆ, ನನ್ನ ಮನೆತನ ಹಾಳಾಗುತ್ತದೆ ಎಂದು ಅವನು ನಂಬಿದ್ದ. ಅದಕ್ಕೇ ಬಾಯಿ ಮುಚ್ಚಿದ ಎಂದು ನನ್ನ ಊಹೆ; ಬೇರೆ ಕಾರಣ ನನಗೆ ಹೊಳೆಯುವುದಿಲ್ಲ. ತನ್ನ ಮನೆಯ ಅಡಿಗೆ ಅರಿಷಿಣವನ್ನು ಅವನು ನನ್ನ ದೇವರೆಂದು ತಿಳಿದ. ನಾನು ಅದನ್ನು ಸಾರಿನ ಪುಡಿ ಎಂದೆ. ನಮ್ಮಿಬ್ಬರಲ್ಲಿ ಬೀರಪ್ಪನ ಮಗ ಯಾರೆಂದು ನೀನೇ ಹೇಳು.

ಅಂದು ಆ ಗೂಟದ ಕೆಳಗೆ ಕುಳಿತಾಗಲೂ ನಾನು ಹೇಳಲಿಲ್ಲ. ಹೇಳಿದರೆ ನಿನಗೆ ಇನ್ನೊಂದು ನೋವು — ತಪ್ಪಿಲ್ಲದವನನ್ನು ಏಳು ವರ್ಷ ಬೈದೆನಲ್ಲ ಎಂದು ಉಳಿದ ಜೀವ ತೇಯಬೇಕು. ಅದಕ್ಕೇ ಸುಮ್ಮನಿದ್ದೇನೆ ಎಂದು ಮತ್ತೆ ನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಅಡಿಗೆ ಮನೆಯ ಅರಿಷಿಣವೇ, ಅಕ್ಕಾ. ಅದೇ ಹಳೆಯ ಕಾನೂನು. ನಿನ್ನ ಗಂಡನ ಹೆಸರು ನಿನ್ನ ಮನೆಯಲ್ಲೇ, ನಿನ್ನ ಬಾಯಲ್ಲೇ ಕೆಟ್ಟು ಕುಳಿತಿದೆ. ನೋವಾದರೂ ಅದು ನಿನಗೆ ತಿರುಗಿ ಬರಬೇಕು. ನೀನು ಅವನನ್ನು ಬೈದ ಒಂದೊಂದು ಮಾತೂ ನನಗೆ ಸೇರಬೇಕಾದದ್ದು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ರೊಟ್ಟಿ ಬೇರೆ ಹಾಕುತ್ತೀ.

ಈ ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ. ನಿನಗೆ ಓದಲು ಬರುವುದಿಲ್ಲ, ಪಕ್ಕದ ಮನೆಯವರ ಬಾಯಿಂದ ನೀನು ಇದನ್ನು ಕೇಳಬಾರದು. ಬರುವ ಅಮಾವಾಸ್ಯೆಯ ದಿನ ಮುಂಜಾನೆ ನಾನೇ ಬಂದು ನಿನ್ನ ಮುಂದೆ ಕುಳಿತು ಓದುತ್ತೇನೆ. ಓದಿ ಮುಗಿದ ಮೇಲೆ, ನಿನಗೆ ಮನಸ್ಸಿದ್ದರೆ, ಗೂಟದ ಮೇಲಿನ ಹಗ್ಗ ತೆಗೆದುಕೊಂಡು ಇಬ್ಬರೂ ನಿಮ್ಮೂರ ಕಟ್ಟೆಗೆ ಹೋಗೋಣ. ಗೌಡರು ಇದ್ದಾರೆ, ಎತ್ತು ಕಳೆದುಕೊಂಡವನೂ ಇದ್ದಾನೆ ಅಂತ ಕೇಳಿ ತಿಳಿದುಕೊಂಡಿದ್ದೇನೆ. ಅವರ ಮುಂದೆ ಹೇಳುತ್ತೇನೆ. ನಿನಗೆ ಬರಲು ಮನಸ್ಸಿಲ್ಲದಿದ್ದರೆ ಹಗ್ಗ ಕೊಡು, ಒಬ್ಬನೇ ಹೋಗುತ್ತೇನೆ.

ಅವ್ವ ಕಟ್ಟಿಕೊಟ್ಟ ಗಂಟು ಇನ್ನೂ ಬಿಚ್ಚಿಲ್ಲ, ಸಂಚಿಯಲ್ಲೇ ಇದೆ. ಈ ಸಲ ನೀ ಅರಿಷಿಣ ತರಬ್ಯಾಡ ಅಕ್ಕಾ. ಭಂಡಾರ ನಾ ತರ್ತೇನಿ.